ಅರವತ್ತರ ಮುಂದಿನ ಒಂದು

ನಮ್ಮ ಮನೆಯವರ ಉಸಿರಿಗೆ ಒಂದು ನಂಬರು ಇತ್ತು. 2047ರ ಯುಗಾದಿಯ ತನಕ ಅದು ಅರವತ್ತು ಪಾಯಿಂಟ್ ನಾಲ್ಕು. ನಗಬೇಡಿ. ಅವರದಷ್ಟೇ ಅಲ್ಲ, ಇಳಕಲ್ಲಿನಲ್ಲೂ ಸುತ್ತಲಿನ ಏಳು ಹಳ್ಳಿಗಳಲ್ಲೂ ಸೇರಿ ನಾನೂರ ಹನ್ನೆರಡು ಮಂದಿಯ ಉಸಿರಿಗೆ ಅದೇ ನಂಬರು. ಆ ನಂಬರು ಕೊಡುತ್ತಿದ್ದವಳು ನಾನು, ನೀಲಗಂಗಾ.

ನಮ್ಮ ಕಡೆಯ ಕೆಂಪು ಗ್ರಾನೈಟು ದೊಡ್ಡ ದೊಡ್ಡ ಊರಿನ ನೆಲಕ್ಕೆ ಹೋಗುತ್ತದೆ. ಧೂಳು ಮಾತ್ರ ಇಲ್ಲೇ ಉಳಿದು, ಕಲ್ಲು ಕೊರೆಯುವವರ ಎದೆಗೆ ಇಳಿದು, ಪುಪ್ಪುಸವನ್ನೇ ಗಟ್ಟಿ ಮಾಡಿಬಿಡುತ್ತದೆ. ಅಂಥವರಿಗೆಂದೇ ಉಸಿರುಪಟ್ಟಿ ಬಂತು. ಪಕ್ಕೆಲುಬಿನ ಕೆಳಗೆ ಕಟ್ಟಿಕೊಳ್ಳುವ ನಾಲ್ಕು ಬೆರಳಗಲದ ಪಟ್ಟಿ. ಚರ್ಮದೊಳಗೆ ಹೊಲಿದ ತೆಳು ತಂತಿಗಳ ಮೂಲಕ ಅದು ಎದೆಯ ಕೆಳಗಿನ ಸ್ನಾಯುವಿಗೆ ಏಳು, ಇಳಿ ಎಂದು ಹೇಳುತ್ತಿರುತ್ತದೆ. ನಿಮಿಷಕ್ಕೆ ಹದಿನಾರು ಸಲ. ಪಟ್ಟಿಯೊಳಗೆ ಉಗುರಿನಷ್ಟು ಕಂಪ್ಯೂಟರು, ಅದನ್ನು ನಡೆಸುವ ಲಿನಕ್ಸು, ಅದರ ಮೇಲೆ ಉಸಿರಾಡಿಸುವ ತಂತ್ರಾಂಶದ ಪ್ಯಾಕೇಜು. ಎಲ್ಲ ಪಟ್ಟಿಗಳೂ ದಿನಕ್ಕೊಮ್ಮೆ ನಮ್ಮ ಉಸಿರು ಸಹಕಾರಿ ಸಂಘವು ಆವೃತ್ತಿಗಳನ್ನೆಲ್ಲ ಇಟ್ಟಿರುವ ಭಂಡಾರವನ್ನು ಕೇಳುತ್ತವೆ: ನನ್ನದಕ್ಕಿಂತ ಹೊಸದು ಇದೆಯೇ? ಇದ್ದರೆ ಇಳಿಸಿಕೊಳ್ಳುತ್ತವೆ, ಇಲ್ಲದಿದ್ದರೆ ಸುಮ್ಮನಿರುತ್ತವೆ. ಹೊಸದು ಯಾವುದೆಂದು ಅವು ತಾರೀಖು ನೋಡಿ ತಿಳಿಯುವುದಿಲ್ಲ, ನಂಬರು ನೋಡಿ ತಿಳಿಯುತ್ತವೆ. ದೊಡ್ಡ ನಂಬರು ಹೊಸದು, ಸಣ್ಣ ನಂಬರು ಹಳೆಯದು.

ಈ ಪಟ್ಟಿಯನ್ನು ಮಾಡಿದವರು ಪಂಚಾಕ್ಷರಿ ಮಾಸ್ತರು, ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದವರು. ಅವರದೊಂದು ಹಟವಿತ್ತು. ಎಲ್ಲರೂ ಒಂದು, ಎರಡು ಎಂದು ಆವೃತ್ತಿ ಎಣಿಸಿದರೆ ಇವರು ಸಂವತ್ಸರದಿಂದ ಎಣಿಸಿದರು. ಮೊದಲ ಪಟ್ಟಿ ಮನುಷ್ಯರ ಮೈಗೆ ಬಂದದ್ದು ವಿಶ್ವಾವಸು ಸಂವತ್ಸರದಲ್ಲಿ. ಅದು ಅರವತ್ತರಲ್ಲಿ ಮೂವತ್ತೊಂಬತ್ತನೆಯದು, ಹಾಗಾಗಿ ನಮ್ಮ ಮೊದಲ ಆವೃತ್ತಿಯೇ ಮೂವತ್ತೊಂಬತ್ತು. ಹೊರಗಿನವರು ನಕ್ಕರು. ನಮ್ಮ ಮಂದಿಗೆ ಮಾತ್ರ ಅದು ಬಲು ಸಲೀಸಾಯಿತು. ಅಕ್ಷರ ಬಾರದ ಮುದುಕಿಯೂ "ನಂದು ಇನ್ನ ಪ್ಲವಂಗ ಐತಿ, ಕೀಲಕ ಹಾಕ್ರಿ" ಎಂದು ಬರುತ್ತಿದ್ದಳು. ಪ್ರತಿ ಯುಗಾದಿಗೆ ಹೊಸ ಹೆಸರು, ಒಂದು ಹೆಚ್ಚಿನ ನಂಬರು. ಹೀಗೆ ಇಪ್ಪತ್ತೆರಡು ವರ್ಷ ನಡೆದು ಅಕ್ಷಯಕ್ಕೆ ಬಂದೆವು. ಕೆಲವು ಪಂಚಾಂಗದಲ್ಲಿ ಅದಕ್ಕೆ ಕ್ಷಯ ಎಂದಿರುತ್ತದೆ. ಎದೆರೋಗದವರ ಮುಂದೆ ಆ ಮಾತು ಯಾರು ಆಡುತ್ತಾರೆ, ನಾವು ಅಕ್ಷಯ ಎಂದೇ ಬರೆದೆವು. ಅರವತ್ತನೆಯದು, ಕಡೆಯದು.

ಅಕ್ಷಯದಲ್ಲಿ ಒಂದು ದೋಷವಿತ್ತು. ಬಿಸಿಲು ನಲವತ್ತೆರಡು ದಾಟಿದರೆ ಪಟ್ಟಿ ಬೆವರನ್ನು ತಪ್ಪು ತಿಳಿದು ಉಸಿರನ್ನು ನಿಧಾನ ಮಾಡುತ್ತಿತ್ತು. ಹೋದ ಮೇ ತಿಂಗಳಲ್ಲಿ ಇಬ್ಬರು ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಈ ಸಲ ಬಿಸಿಲೇರುವ ಮುಂಚೆ ಎಲ್ಲರ ಎದೆಗೂ ಹೊಸದು ಹೋಗಲೇಬೇಕಿತ್ತು. ಏಳು ತಿಂಗಳು ಕೂತು ಸರಿಪಡಿಸಿದೆ. ಯುಗಾದಿಯ ಬೆಳಗ್ಗೆ ಭಂಡಾರಕ್ಕೆ ಹಾಕಿದೆ: ಪ್ರಭವ, ಒಂದು ಪಾಯಿಂಟ್ ಸೊನ್ನೆ.

ಕಂಟ್ರೋಲ್ ರೂಮು ಎಂದರೆ ಸಂಘದ ಕಟ್ಟಡದ ಮೇಲಿನ ಕೋಣೆ, ಎರಡು ಪರದೆ, ಒಂದು ಸದ್ದು ಮಾಡುವ ಏಸಿ. ನನ್ನ ಜೊತೆ ಕೆಲಸ ಮಾಡುವ ತಸ್ಲೀಮಾ ಪರದೆ ನೋಡುತ್ತಿದ್ದಳು.

"ನೀಲಕ್ಕ, ಎಷ್ಟ ಮಂದಿ ತಗೊಂಡಾರ ಹೇಳಲೇನು?"

"ಹೇಳು."

"ಒಬ್ಬರೂ ಇಲ್ಲ."

ಎದ್ದು ಹೋಗಿ ನೋಡಿದೆ. ನಾನೂರ ಹನ್ನೆರಡು ಸಾಲು, ಎಲ್ಲದರ ಮುಂದೂ ಒಂದೇ ಉತ್ತರ: ಹೊಸದೇನೂ ಇಲ್ಲ. ಅಯ್ಯೋ ನನ್ನ ಬುದ್ಧಿಯೇ! ಅರವತ್ತು ಹಾಕಿಕೊಂಡ ಪಟ್ಟಿ ಒಂದನ್ನು ಯಾಕೆ ಮುಟ್ಟುತ್ತದೆ? ಅರವತ್ತರ ಮುಂದೆ ಮತ್ತೆ ಒಂದು ಬರುತ್ತದೆಂದು ನಮಗೆ ಗೊತ್ತು, ನಮ್ಮಜ್ಜಿಗೆ ಗೊತ್ತು. ಯಂತ್ರಕ್ಕೆ ಯಾರೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ, ಏಳು ತಿಂಗಳು ಅದರ ಮೇಲೇ ಕೂತಿದ್ದ ನನಗೂ.

"ಯುಗದ ಅಂಕಿ ಹಾಕೂಣು ನೀಲಕ್ಕ," ಎಂದಳು ತಸ್ಲೀಮಾ. ಅವಳು ಹೇಳಿದ್ದು ಸರಿಯಾದ ದಾರಿಯೇ. ನಂಬರಿನ ಮುಂದೆ ಇನ್ನೊಂದು ಅಂಕಿ ಇಟ್ಟರೆ, ಅದಿಲ್ಲದ ಎಲ್ಲ ನಂಬರುಗಳೂ ತಾವಾಗಿ ಹಳೆಯವಾಗುತ್ತವೆ. ಲಿನಕ್ಸಿನ ಭಂಡಾರಗಳಲ್ಲಿ ಇಂಥ ಇಕ್ಕಟ್ಟಿಗೆಂದೇ ಮಾಡಿಟ್ಟ ಉಪಾಯ ಅದು. ಆದರೆ ಒಮ್ಮೆ ಇಟ್ಟರೆ ಮತ್ತೆಂದೂ ತೆಗೆಯುವಂತಿಲ್ಲ, ಮುಂದಿನ ಎಲ್ಲ ಹೆಸರಿಗೂ ಅದು ಅಂಟಿಕೊಂಡೇ ಇರಬೇಕು.

"ಏನ ಛಂದ ಕಾಣತೈತಿ ಅದು? ಎಲ್ಲಾರ ಪಟ್ಟಿ ನಂಬರಿನ ಕಾರ್ಡ ಮತ್ತ ಬರೀಬೇಕು. ಮಂದಿಗೆ ಏನಂತ ತಿಳಿಸಿ ಹೇಳೂದು?" ಎಂದು ಅವಳ ಮೇಲೇ ರೇಗಿದೆ. ನಿಜ ಹೇಳುತ್ತೇನೆ, ಮಂದಿಗೆ ತಿಳಿಯುವುದಿಲ್ಲ ಎಂಬ ಚಿಂತೆಗಿಂತ ನನ್ನ ಸೊಕ್ಕು ದೊಡ್ಡದಿತ್ತು. ನಾನು ಸುಲಭದ ದಾರಿ ಹಿಡಿದೆ. ಪಟ್ಟಿಗಳು ದಿನವೂ ಓದುವ ಒಂದು ಆಜ್ಞೆಯ ಕಡತವಿದೆ. ಅದರಲ್ಲಿ ಒಂದೇ ಸಾಲು ಬರೆದೆ: ಈಗ ನಿನ್ನಲ್ಲಿರುವುದು ಎಷ್ಟೇ ದೊಡ್ಡದಿರಲಿ, ಒಂದನೇ ಸರಣಿಯಲ್ಲಿ, ಅಂದರೆ ಒಂದು ಪಾಯಿಂಟ್ ಎಂದು ಶುರುವಾಗುವ ನಂಬರುಗಳಲ್ಲಿ, ಎಲ್ಲಕ್ಕಿಂತ ದೊಡ್ಡದನ್ನು ಹಾಕಿಕೋ.

ನಮ್ಮ ಸಂಘದಲ್ಲೊಂದು ರೂಢಿಯಿದೆ. ಯಾರು ಹೊಸದನ್ನು ಕಟ್ಟುತ್ತಾರೋ ಅವರ ಮನೆಯವರ ಎದೆಗೇ ಅದು ಮೊದಲು ಹೋಗಬೇಕು. ಮರುದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ನಮ್ಮವರ ಪಟ್ಟಿಯನ್ನು ಪರೀಕ್ಷೆಗೆಂದು ಬೇರೆಯಾಗಿಟ್ಟ ಭಂಡಾರಕ್ಕೆ ತಿರುಗಿಸಿದೆ. ನನ್ನ ಗಂಡ ಮುತ್ತಪ್ಪ ಎಂದರೆ ಒಂದು ಕಾಲಕ್ಕೆ ಕ್ವಾರಿಯಲ್ಲಿ ದೊಡ್ಡ ಹೆಸರು, ಎಳೆ ಹುಡುಗರಿಗೆಲ್ಲ ಡ್ರಿಲ್ಲು ಹಿಡಿಯಲು ಕಲಿಸಿದವರು. ಹನ್ನೊಂದು ವರ್ಷದಿಂದ ಪಟ್ಟಿಯ ಮೇಲಿದ್ದಾರೆ.

"ಹೆಂಗನಸ್ತೈತ್ರಿ?"

"ಪ್ರಭವ ಬಂತೇನು?" ಎಂದು ಉದ್ದಕ್ಕೆ ಉಸಿರೆಳೆದು, "ಮದಿವಿ ಆದ ವರ್ಷ ಇದ್ದಂಗ ಆಗೀನಿ ನೋಡು" ಎಂದು ಕಣ್ಣು ಹೊಡೆದರು. "ಹೋಳಿಗಿ ಉಳದಿದ್ರ ಇನ್ನೊಂದ ಹಾಕು." ಎರಡು ದಿನ ಕಾದೆ. ಒಂದು ಕೂದಲಿನಷ್ಟೂ ತೊಂದರೆಯಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಒಂಬತ್ತಕ್ಕೆ ಅದೇ ಆಜ್ಞೆಯನ್ನು ಎಲ್ಲರಿಗೂ ಬಿಟ್ಟೆ. ಪರದೆಯ ಮೇಲೆ ಒಂದೊಂದೇ ಸಾಲು ಹಸಿರಾಗುತ್ತ ಹೋಯಿತು. ಪ್ರಭವ, ಪ್ರಭವ, ಪ್ರಭವ. ನಮ್ಮ ಪರದೆ ಸಂವತ್ಸರದ ಹೆಸರನ್ನಷ್ಟೇ ತೋರಿಸುತ್ತದೆ, ಪೂರ್ತಿ ನಂಬರನ್ನು ತೋರಿಸುವುದಿಲ್ಲ. ಅದನ್ನು ಹಾಗೆ ಮಾಡಿಸಿದವಳೂ ನಾನೇ. ಹತ್ತು ಗಂಟೆಗೆ ನಾನೂರ ಹನ್ನೊಂದೂ ಹಸಿರು. ತಸ್ಲೀಮಾ ಚಹಾ ತರಿಸಿದಳು.

ಚಹಾ ಮುಗಿಯುವುದರೊಳಗೆ ಫೋನು. ನಮ್ಮ ಹಿಂದಿನ ಓಣಿಯ ಇಮಾಂಬಿಯ ಮಗಳು. "ಅಮ್ಮ ಹೆಂಗೆಂಗೋ ಮಾಡಾಕತ್ಯಾಳ ನೀಲವ್ವ. ದಮ್ಮ ಹತ್ತಿದಂಗ ಉಸಿರು. ಮಾತ ಬರವಲ್ದು." ಅದನ್ನಿಡುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಕೆಳಗಿನ ಆಫೀಸಿನ ಫೋನೂ ಹೊಡೆದುಕೊಳ್ಳತೊಡಗಿತು. ಉಸಿರಿನ ಗೆರೆಗಳನ್ನು ತೆಗೆದು ನೋಡಿದೆ. ನಿಮಿಷಕ್ಕೆ ಮೂವತ್ನಾಲ್ಕು. ಒಬ್ಬರದಲ್ಲ, ಎಲ್ಲರದೂ ಮೂವತ್ನಾಲ್ಕು. ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ ನಾನೂರ ಹನ್ನೊಂದು ಎದೆ ಒಟ್ಟಿಗೆ ಪುಟಪುಟ ಏಳುತ್ತ ಇಳಿಯುತ್ತ ಇದ್ದವು. ಅಷ್ಟು ಚಿಕ್ಕ ಉಸಿರಿನಲ್ಲಿ ಗಾಳಿ ಗಂಟಲಿಗೆ ಬಂದು ಗಂಟಲಿನಿಂದಲೇ ವಾಪಸು ಹೋಗುತ್ತದೆ.

ನಾನು ಬರೆದದ್ದು ಹದಿನಾರು. ಮೂವತ್ನಾಲ್ಕು ಎಂಬ ಅಂಕಿಯನ್ನು ನಾನು ಎಲ್ಲೂ ಬರೆದಿರಲಿಲ್ಲ. ಅಮೀನಗಡದಲ್ಲಿ ಮಗಳ ಮನೆಯಲ್ಲಿದ್ದ ಮಾಸ್ತರಿಗೆ ಫೋನು ಹಚ್ಚಿದೆ. ಎಂಬತ್ತೆರಡು ವಯಸ್ಸು, ಕಿವಿ ಮಂದ. ಕೂಗಿ ಹೇಳಿದೆ.

"ಎಷ್ಟಂದಿ?"

"ಮೂವತ್ನಾಕ್ರೀ, ಸರ."

"ಅದು ಆಡಿನ ಉಸಿರವ್ವಾ."

"ಏನ್ರಿ?"

"ಆಡು, ಆಡು! ಮನಷ್ಯಾರಿಗೆ ಕಟ್ಟೂಕಿಂತ ಮೊದಲ ಆಡಿನ ಮರಿಗೋಳಿಗೆ ಕಟ್ಟಿ ನೋಡಿದ್ದೆ. ಅವಾಗ ಇನ್ನ ಸಂವತ್ಸರ ಗಿಂವತ್ಸರ ಇರಲಿಲ್ಲ. ಒಂದು ಪಾಯಿಂಟ್ ಒಂದು, ಎರಡು, ಮೂರು, ನಾಕು. ಒಂದು ಪಾಯಿಂಟ್ ನಾಕು ಕಡೀದು. ನೀ ಭಂಡಾರದಾಗಿಂದ ಅದನ್ನ ತಗದಿದ್ದೀ ಹೌದಿಲ್ಲ?"

ತೆಗೆದಿರಲಿಲ್ಲ. ಪರೀಕ್ಷೆಯ ಭಂಡಾರವನ್ನು ನಾನು ಗುಡಿಸಿ ಸಾರಿಸಿ ಇಟ್ಟಿದ್ದೆ, ಅಲ್ಲಿ ನನ್ನ ಒಂದು ಪಾಯಿಂಟ್ ಸೊನ್ನೆ ಮಾತ್ರ ಇತ್ತು. ದೊಡ್ಡ ಭಂಡಾರದಲ್ಲಿ ಮೊದಲ ದಿನದಿಂದ ಎಲ್ಲವೂ ಹಾಗೇ ಇತ್ತು. ಸೊನ್ನೆಗಿಂತ ನಾಲ್ಕು ದೊಡ್ಡದು. ಎಲ್ಲಕ್ಕಿಂತ ದೊಡ್ಡದನ್ನು ಹಾಕಿಕೋ ಎಂದು ಹೇಳಿದ್ದೆ, ಪಟ್ಟಿಗಳು ಹೇಳಿದ್ದನ್ನು ಮಾಡಿದ್ದವು. ಫೋನನ್ನು ತಸ್ಲೀಮಾಳ ಕೈಗಿಟ್ಟು ಭಂಡಾರದಿಂದ ಆಡಿನ ಆವೃತ್ತಿಗಳನ್ನು ತೆಗೆದುಹಾಕಿದೆ. ಅವಳು ಮಾಸ್ತರ ಮುಂದಿನ ಮಾತು ಕೇಳಿ ನನಗೆ ಹೇಳಿದಳು, ಅದು ಇನ್ನೂ ಕೆಟ್ಟದಾಗಿತ್ತು.

ಆಡಿನ ಆವೃತ್ತಿಗೆ ಭಂಡಾರದ ಕಡೆ ನೋಡುವುದೇ ಬರುವುದಿಲ್ಲ. ಆಗ ಕೊಟ್ಟಿಗೆಯಲ್ಲಿ ಒಂದು ಮರಿಯ ಪಟ್ಟಿಯಿಂದ ಇನ್ನೊಂದು ಮರಿಯ ಪಟ್ಟಿಗೆ ಕೇಬಲ್ಲು ಹಾಕಿ ದಾಟಿಸುತ್ತಿದ್ದರಂತೆ. ಇನ್ನೊಂದು ಪಟ್ಟಿ ಹೇಳಿದರೆ ಕೇಳುತ್ತದೆ, ಬೇರೆ ಯಾವ ಯಂತ್ರದ ಮಾತನ್ನೂ ಕೇಳುವುದಿಲ್ಲ. ಕಪಾಟಿನಲ್ಲಿ ಖಾಲಿ ಪಟ್ಟಿಗಳಿದ್ದವು, ಆದರೆ ಚರ್ಮದೊಳಗಿನ ತಂತಿ ಸಿಗದ ಹೊರತು ಪಟ್ಟಿ ಚಾಲೂ ಆಗುವುದಿಲ್ಲ. ದಾಟಿಸಲು ನಾಲ್ಕು ನಿಮಿಷ ಬೇಕು, ಆ ನಾಲ್ಕು ನಿಮಿಷ ಕೊಡುವ ಪಟ್ಟಿ ಉಸಿರಾಡಿಸುವುದನ್ನು ಪೂರಾ ನಿಲ್ಲಿಸಬೇಕು. ಆಸ್ಪತ್ರೆಯಲ್ಲಿ ಉಸಿರಿನ ಯಂತ್ರ ಆರೇ ಆರು. ಸರಿಯಾದ ಪ್ರಭವ ಇದ್ದ ಎದೆ ಇಡೀ ಸೀಮೆಯಲ್ಲಿ ಒಂದೇ ಒಂದು. ಅದು ನಮ್ಮ ಮನೆಯಲ್ಲಿ ಕೂತು ಪೇಪರ್ ಓದುತ್ತಿತ್ತು.

ಓಡಿದೆ. ಹೇಳಿದೆ. ನಮ್ಮವರು ಪೇಪರ್ ಮಡಚಿಟ್ಟರು.

"ನಾಕು ನಿಮಿಷ ಏನ ಬಂದ್ ಮಾಡಬೇಕು?"

"ನಿಮ್ಮ ಪಟ್ಟಿ."

"ನಾ ಒಲ್ಲೆ."

ಆ ಮಾತು ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಎದ್ದು ಹೋಗುವ ಮನುಷ್ಯ. "ಹಂಗಂದ್ರ ಹೆಂಗ್ರಿ?" ಎಂದೆ.

"ಪಟ್ಟಿ ಇಲ್ಲದಾಗ ನಾ ಹೆಂಗಿದ್ದೆ ಅಂತ ನೀನ ನೋಡೀಯಲ್ಲ? ಗ್ವಾಡಿ ಹಿಡಕೊಂಡು ನಿಂತ ನಿದ್ದಿ ಮಾಡ್ತಿದ್ದೆ. ಇವಾಗ ಇನ್ನ ಹನ್ನೊಂದ ವರ್ಷ ಸವದೈತಿ ಈ ಎದಿ. ಹೆದರಿಕಿ ಆಕ್ಕೈತಿ ನೀಲಾ, ಖರೇನ ಹೆದರಿಕಿ ಆಕ್ಕೈತಿ." ಅವರ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಮಗಳ ಹೆಗಲ ಮೇಲೆ ಬಿದ್ದುಕೊಂಡು ಇಮಾಂಬಿ ಒಳಗೆ ಬಂದಳು. ನಲವತ್ತು ವರ್ಷ ಕಲ್ಲಿನ ಪುಡಿ ಹೊತ್ತವಳು, ಮೈಯಲ್ಲಿ ಎಲುಬು ಬಿಟ್ಟರೆ ಏನಿಲ್ಲ. ಸೆರಗಿನ ಕೆಳಗೆ ಎದೆ ಪುಟಪುಟ ಹಾರುತ್ತಿತ್ತು, ತುಟಿ ನೀಲಿ. ಏನೋ ಹೇಳಲು ಬಾಯಿ ತೆರೆದಳು, ದನಿಗೆ ಬೇಕಾದಷ್ಟು ಗಾಳಿ ಇರಲಿಲ್ಲ. ನಮ್ಮವರು ಅವಳನ್ನೇ ನೋಡಿದರು. ಆಮೇಲೆ ಅಂಗಿ ಮೇಲೆತ್ತಿದರು.

"ಎಲ್ಲಿ ಚುಚ್ಚಬೇಕೋ ಚುಚ್ಚು. ಲಗೂನ."

ಆ ನಾಲ್ಕು ನಿಮಿಷವನ್ನು ನಾನು ಬರೆಯಲಾರೆ. ಕುರ್ಚಿಯ ಕೈಯನ್ನು ಹಿಡಿದು, ಕುತ್ತಿಗೆಯ ನರವೆಲ್ಲ ಉಬ್ಬಿಸಿಕೊಂಡು, ಒಂದೊಂದು ಉಸಿರನ್ನೂ ಮೈಬಲದಿಂದ ಜಗ್ಗಿದರು. ಕೇಬಲ್ಲಿನ ದೀಪ ಹಸಿರಾಯಿತು. ಎರಡೂ ಪಟ್ಟಿ ಒಟ್ಟಿಗೆ ಹದಿನಾರರಂತೆ ನಡೆಯತೊಡಗಿದವು. ಇಮಾಂಬಿ ಹೊಟ್ಟೆಯ ತಳದಿಂದ ಒಂದು ಉಸಿರೆಳೆದು, "ಯಾ ಅಲ್ಲಾ" ಎಂದು ಅತ್ತುಬಿಟ್ಟಳು. ಕಣ್ಣೊರೆಸಿಕೊಂಡವಳೇ, "ಇನ್ನ ಯಾರ್ಯಾರಿಗೆ ಹಿಂಗಾಗೈತಿ ನೀಲವ್ವ? ನಡಿ, ನನ್ನಾಗೂ ಒಂದ ತಂತಿ ಚುಚ್ಚು" ಎಂದಳು.

ಸಂಘದ ಹಿಂದೆ ಕಲ್ಲಿನ ಹಲಗೆ ಒಟ್ಟುವ ದೊಡ್ಡ ಶೆಡ್ಡಿದೆ. ಟೆಂಪೋ, ಟ್ರ್ಯಾಕ್ಟರ್, ಬೈಕು, ಯಾವುದು ಸಿಕ್ಕಿತೋ ಅದರಲ್ಲಿ ಮಂದಿಯನ್ನು ತಂದು ಅಲ್ಲಿ ಕೂಡಿಸಿದರು. ಮೊದಲ ಸರದಿ ಮನೆಯಲ್ಲೇ ಆಗಿತ್ತು. ಎರಡನೆಯದರಲ್ಲಿ ಇಬ್ಬರು ಇಬ್ಬರಿಗೆ ಕೊಟ್ಟರು. ಆಮೇಲೆ ನಾಲ್ವರು ನಾಲ್ವರಿಗೆ, ಎಂಟು ಮಂದಿ ಎಂಟು ಮಂದಿಗೆ. ಒಂಬತ್ತು ಸರದಿಯಲ್ಲಿ ಎಲ್ಲರಿಗೂ ಮುಟ್ಟುತ್ತದೆ ಎಂದು ತಸ್ಲೀಮಾ ಲೆಕ್ಕ ಹಾಕಿ ಗೋಡೆಯ ಮೇಲೆ ಬರೆದಳು. ಆಗಷ್ಟೇ ಉಸಿರು ಸಿಕ್ಕವರು ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ಅದನ್ನು ನಿಲ್ಲಿಸಿ ಎದುರಿನವರಿಗೆ ಕೊಡಬೇಕಿತ್ತು. ಕೊಟ್ಟರು. ಒಲ್ಲೆ ಎಂದವರು ಒಬ್ಬರೂ ಇಲ್ಲ. ಶೆಡ್ಡಿಗೆ ತರುವ ಹಾದಿಯಲ್ಲೇ ನಾಲ್ವರು ಹೋಗಿಬಿಟ್ಟಿದ್ದರು. ತಂದು ಮೂಲೆಯಲ್ಲಿ ಮಲಗಿಸಿದ್ದರು, ಆ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ.

ನಮ್ಮವರು ಐದು ಸಲ ಕೊಟ್ಟರು. ಐದನೇ ಸಲ ದೀಪ ಹಸಿರಾದ ಮೇಲೂ ಅವರ ಎದೆ ಏಳಲಿಲ್ಲ. ಆಸ್ಪತ್ರೆಯಿಂದ ಬಂದಿದ್ದ ನರ್ಸಮ್ಮ ಎದೆಯನ್ನು ಎರಡು ಸಲ ಒತ್ತಿದ ಮೇಲೆ ಎದ್ದಿತು. ಕಣ್ಣು ಬಿಟ್ಟರು, ಎದುರಿನ ಸ್ಟೂಲಿನತ್ತ ನೋಡಿದರು.

ಆರನೇ ಸರದಿ. ಮೂವತ್ತೆರಡು ಮಂದಿ ಕೊಡುವವರು, ಮೂವತ್ತೆರಡು ಮಂದಿ ತೆಗೆದುಕೊಳ್ಳುವವರು. ನಮ್ಮವರ ಎದುರಿಗೆ ಬಂದು ಕೂತವನು ಪರಸಪ್ಪ, ಪಾಲಿಶ್ ಮಷಿನ್ನಿನವ, ಮೂವತ್ತೊಂಬತ್ತು ವರ್ಷ. ನಮ್ಮವರ ಕೈಯಲ್ಲೇ ಕೆಲಸ ಕಲಿತವನು. ಯುಗಾದಿಯ ಹೊಸ ಅಂಗಿಯಲ್ಲೇ ಬಂದಿದ್ದ, ಅಂಗಡಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಮಾತಾಡಲಾಗದೆ ನನ್ನ ಕಡೆ ನೋಡಿ ಕೈಮುಗಿದ.

ನಮ್ಮವರು ನನ್ನತ್ತ ಕೈ ಚಾಚಿದರು. "ತಾ ಇಲ್ಲಿ ಕೇಬಲ್."

ಕೇಬಲ್ಲು ನನ್ನ ಉಡಿಯಲ್ಲಿತ್ತು.

"ಸುಟ್ಟೈತ್ರಿ," ಎಂದೆ. "ಬ್ಯಾರೆದು ತರಾಕ ಹೇಳೀನಿ. ಮುಂದಿನ ಸರದಿಗೆ ಕೊಡೂರಂತ."

ಯೋಚಿಸಿ ಆಡಿದ ಮಾತಲ್ಲ ಎನ್ನಲೇ? ಸುಳ್ಳು. ಯೋಚಿಸಿಯೇ ಆಡಿದೆ. ಪರಸಪ್ಪ ಗಟ್ಟಿ ಆಳು, ಇನ್ನು ನಾಲ್ಕು ನಿಮಿಷ ತಡೆಯುತ್ತಾನೆ, ಮುಂದಿನ ಸರದಿಯಲ್ಲಿ ಯಾರಾದರೂ ಕೊಡುತ್ತಾರೆ, ಇವರಂತೂ ಆರನೇ ಸಲಕ್ಕೆ ಉಳಿಯುವುದಿಲ್ಲ. ಇಷ್ಟನ್ನೂ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದೆ. ಯಾರು ಮೊದಲು ಯಾರು ಆಮೇಲೆ ಎಂದು ನಾನೇ ಸಾಲು ಹಚ್ಚಿದೆ. ಸುತ್ತ ಮೂವತ್ತೊಂದು ದೀಪ ಮಿನುಗುತ್ತಿದ್ದವು. ಮೂರನೇ ನಿಮಿಷದಲ್ಲಿ ಪರಸಪ್ಪ ಸ್ಟೂಲಿನಿಂದ ಮುಂದಕ್ಕೆ ಬಾಗಿದ, ನಮ್ಮವರ ಮೊಣಕಾಲಿನ ಮೇಲೆ ತಲೆಯಿಟ್ಟ. ಪಟ್ಟಿ ಮೂವತ್ನಾಲ್ಕರಂತೆ ಬಡಿಯುತ್ತಲೇ ಇತ್ತು, ಎದೆ ಅದರ ಮಾತು ಕೇಳುವುದನ್ನು ಬಿಟ್ಟಿತ್ತು. ನಾನು ಕೂಗಿದೆ. ನರ್ಸಮ್ಮ ಓಡಿ ಬಂದಳು. ಏನೂ ಪ್ರಯೋಜನವಾಗಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಉಳಿದವರೆಲ್ಲರ ಉಸಿರೂ ಹದಿನಾರಕ್ಕೆ ಬಂದಿತ್ತು. ಸತ್ತವರು ಐದು ಮಂದಿ.

ತನಿಖೆಯವರು ಬಂದರು. ಎರಡು ದಿನ ಆವೃತ್ತಿ, ಸರಣಿ, ಭಂಡಾರ, ಆಜ್ಞೆ ಎಂದು ಕೇಳಿದರು. ಒಂದನ್ನೂ ಮುಚ್ಚಿಡದೆ ಹೇಳಿದೆ, ತಪ್ಪು ನನ್ನದು ಎಂದು ಬರೆದುಕೊಟ್ಟೆ. ತಪ್ಪು ಒಬ್ಬರದಲ್ಲ, ಪದ್ಧತಿಯದು ಎಂದು ಅವರು ಬರೆದುಕೊಂಡರು. ಇನ್ನು ಮೇಲೆ ಯುಗದ ಅಂಕಿ ಕಡ್ಡಾಯ ಎಂದರು. ಕೇಬಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪರಸಪ್ಪನ ದಿವಸದ ಕಾರ್ಯಕ್ಕೆ ಅವನ ಊರಿಗೆ ಇಬ್ಬರೂ ಹೋಗಿದ್ದೆವು. ಅವನ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ಮುತ್ತಪ್ಪಣ್ಣಾರು ಇರಲಿಲ್ಲಂದ್ರ ಅವತ್ತ ಊರ ಹಾಳ ಬೀಳತಿತ್ರಿ. ನಮ್ಮ ಹಣೇಬಾರ, ಅವರಿಗೆ ಆಯುಷ್ಯ ಇರಲಿಲ್ಲ" ಎಂದು ಅತ್ತಳು. ಬಸ್‌ಸ್ಟ್ಯಾಂಡಿಗೆ ಬಂದು ಕಟ್ಟೆಯ ಮೇಲೆ ಕೂತೆವು. ಬಿಸಿಲು ನಲವತ್ಮೂರು ದಾಟಿತ್ತು. ನಮ್ಮವರ ಪಟ್ಟಿ ಒಂದಿಷ್ಟೂ ತಡವರಿಸದೆ ನಡೆಯುತ್ತಿತ್ತು.

"ಕೇಬಲ್ ಸುಟ್ಟಿರಲಿಲ್ಲ, ಹೌದಿಲ್ಲ?" ಎಂದರು.

"ಇಲ್ರಿ," ಎಂದೆ. ಇನ್ನು ಈ ಮನುಷ್ಯ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಎಂದುಕೊಂಡೆ.

"ನಿನ್ನ ಉಡಿಯಾಗಿತ್ತು. ಅದರ ತುದಿ ಹೊರಗ ಕಾಣಸ್ತಿತ್ತು."

"ಯಾವಾಗ ನೋಡಿದ್ರಿ?"

"ಅವಾಗ. ನೀ ಸುಟ್ಟೈತಿ ಅಂದಾಗನ."

"ಮತ್ಯಾಕ ಕಸಗೊಳ್ಳಲಿಲ್ರಿ?"

"ಬದಕಿದೆ ಅನಿಸ್ತು ನೀಲಾ," ಎಂದರು. "ಅವನ ಮಾರಿ ನೋಡಕೋತನ ಬಾಯಿ ಮುಚಕೊಂಡ ಕುಂತೆ."

ಬಸ್ಸು ಬಂತು. ಹತ್ತಿ ಒಂದೇ ಸೀಟಿನಲ್ಲಿ ಕೂತೆವು, ಎರಡು ಟಿಕೆಟು ತೆಗೆದುಕೊಂಡೆ.